ಇಯೊಲಾಂಡಳ ಗಾಡಿಗೆ ದೊಡ್ಡ ಎಂಜಿನ್ನು

ಪೊಂತೆವೆಕ್ಯೊದ ಸೇತುವೆ ಪಕ್ಕದಲ್ಲಿ ಗ್ಯಾರೇಜು ಇಟ್ಟಿದ್ದ ಪಾನ್ಫಿಲೊ, ಕಣಿವೆಯ ಅರ್ಧ ಜನರ ಕಾರಿಗೆ ದೊಡ್ಡ ಎಂಜಿನ್ನು ಕೂರಿಸಿಕೊಟ್ಟವನು. ನಮ್ಮ ಅಬ್ರುಜ್ಜೊ ಬೆಟ್ಟಗಳಲ್ಲಿ ಆಗೆಲ್ಲ ಮನೆ ಮನೆ ಮುಂದೆ ನಿಂತಿರುತ್ತಿದ್ದುದು ಫಿಯೆಟ್ಟಿನ ಪುಟ್ಟ ಚಿಂಕ್ವೆಚೆಂತೊ. ನಾಲ್ಕು ಜನ ಕೂತರೆ ಮಂಡಿ ಗದ್ದಕ್ಕೆ ಬಡಿಯುವಂಥ ಗಾಡಿ. ಎಂಜಿನ್ನು ಹಿಂಬದಿಗೆ, ಅದಕ್ಕೆ ಹೊಲಿಗೆ ಮೆಷಿನ್ನಿನಷ್ಟು ಜೀವ. ಬಯಲಲ್ಲಿ ಚೆನ್ನಾಗೇ ಓಡುತ್ತದೆ, ಏರು ಕಂಡರೆ ಏದುಸಿರು ಬಿಡುತ್ತದೆ. ಅದರ ನಂತರ ಬಂದ ನೂರಿಪ್ಪತ್ತಾರು ಅನ್ನುವ ಗಾಡಿಯ ಎಂಜಿನ್ನು ಸ್ವಲ್ಪ ದೊಡ್ಡದು, ಅದೇ ಜಾಗದಲ್ಲಿ ಕೂರುತ್ತದೆ. ಗುಜರಿಗೆ ಬಂದ ನೂರಿಪ್ಪತ್ತಾರು ಕಣ್ಣಿಗೆ ಬಿದ್ದರೆ ಸಾಕು, ಪಾನ್ಫಿಲೊ ಅದರ ಎಂಜಿನ್ನು ಬಿಚ್ಚಿ ತಂದು ಒರೆಸಿ ಎತ್ತಿಡುತ್ತಿದ್ದ. ಪೋಸ್ಟ್‌ಮನ್ನಿಗೆ ಹಾಕಿದ, ಪಾದ್ರಿಗೆ ಹಾಕಿದ, ಮೀಸೆ ನೆಟ್ಟಗೆ ಮೂಡದ ಪಡ್ಡೆಗಳಿಗೂ ಹಾಕಿದ.

ಹೆಂಡತಿಯ ಗಾಡಿಗೆ ಮಾತ್ರ ಹಾಕಲಿಲ್ಲ. ಮನೆಗೆ ಮಾರಿ, ಪರರಿಗೆ ಉಪಕಾರಿ ಅಂತ ಸುಮ್ಮನೆ ಹೇಳಿದ್ದಾರೆಯೇ? ಇಯೊಲಾಂಡ ಮದುವೆಯಾದ ಹೊಸದರಲ್ಲಿ ಕೇಳಿದ್ದಳು, ಆಮೇಲೂ ಎರಡು ಮೂರು ಸಲ ಕೇಳಿದ್ದಳು. ಪ್ರತಿ ಸಲವೂ ಅವನದು ಒಂದೇ ರಾಗ. ಹಳೇ ಬ್ರೇಕು, ದೊಡ್ಡ ಎಂಜಿನ್ನಿನ ಓಟ ತಡೆಯೋದಿಲ್ಲ, ನಿನ್ನ ಜೀವ ಮುಖ್ಯವೋ ಎಂಜಿನ್ನು ಮುಖ್ಯವೋ? ಪೋಸ್ಟ್‌ಮನ್ನಿನ ಜೀವ ಮುಖ್ಯವಲ್ಲವೇನೋ, ಅದನ್ನು ಅವಳು ಕೇಳಲಿಲ್ಲ.

ನಿಜ ಸಂಗತಿ ಬೇರೆ. ಇಯೊಲಾಂಡಳ ತವರು ಕೊಲ್ಲೆಫ್ರೆದ್ದೊ, ಕುರಿ ಸಾಕುವವರ ಹಟ್ಟಿ, ಬೆಟ್ಟದ ಮೇಲೆ. ಮದುವೆ ಊಟದಲ್ಲಿ ಅವಳ ಅಣ್ಣ ಚೆಸೀದಿಯೊ ವೈನು ಏರಿಸಿಕೊಂಡು, ಎಣ್ಣೆ ಕೈಯವನಿಗೆ ಕೊಟ್ಟಾಯ್ತು, ಇನ್ನು ನಮ್ಮ ಹುಡುಗಿಯ ತಟ್ಟೆಗೆ ಗ್ರೀಸೇ ಗತಿ ಅಂದುಬಿಟ್ಟ. ಬೀಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾನ್ಫಿಲೊ ಬಾಯಿಗೆ ಹೋಗುತ್ತಿದ್ದ ಕುರಿಮಾಂಸವನ್ನು ತಟ್ಟೆಗೆ ಇಳಿಸಿದ. ನನ್ನ ಕಾಲೂ ನನ್ನ ಮನೆ ಚಕ್ರವೂ ನಿಮ್ಮ ಏರು ಹತ್ತೋದಿಲ್ಲ ಅಂತ ಎಲ್ಲರೆದುರು ಆಡಿದ. ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡರೆ ಗಂಡಸ್ತನ ಎಲ್ಲಿ ಉಳಿಯಿತು? ಅವನು ಹತ್ತಲಿಲ್ಲ. ಅವಳೂ ಹತ್ತಕೂಡದು ಅಂತ ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ. ಕೊಲ್ಲೆಫ್ರೆದ್ದೊಗೆ ಹೋಗುವ ಕೊನೇ ಏರು ಹೇಗಿದೆಯೆಂದರೆ, ಚಿಂಕ್ವೆಚೆಂತೊ ಮೊದಲನೇ ಗೇರಿನಲ್ಲೂ ಅರ್ಧಕ್ಕೆ ಉಸಿರು ಕಟ್ಟಿ ನಿಲ್ಲುತ್ತದೆ.

ಆ ಬಡಕಲು ಎಂಜಿನ್ನೇ ಅವನ ಮನೆಯ ಅಗುಳಿ. ತವರಲ್ಲಿ ಅವಳಿಗೆ ಅಣ್ಣ, ಅತ್ತಿಗೆ, ಬಾವಿಕಟ್ಟೆ, ನಗು ಎಲ್ಲ ಇತ್ತು; ಇಲ್ಲಿ ಎಣ್ಣೆ ವಾಸನೆಯ ಗಂಡ, ಅದೂ ಮಾತು ಕಮ್ಮಿ. ಮಕ್ಕಳೂ ಆಗಲಿಲ್ಲ. ಹೋಗಿಬರುವುದು ರೂಢಿಯಾದರೆ ಒಂದು ದಿನ ಅಲ್ಲೇ ಉಳಿದುಬಿಡುತ್ತಾಳೆ ಅನ್ನುವ ಭಯ ಅವನ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು. ಪಾಪ, ಭಯವನ್ನು ಭಯ ಅಂತ ಕರೆಯಲು ಅವನಿಗೆ ಬರುತ್ತಿರಲಿಲ್ಲ. ಬ್ರೇಕು ಅಂತ ಕರೆಯುತ್ತಿದ್ದ.

ಹೀಗೇ ಮೂವತ್ತು ವರ್ಷ ಹೋಯಿತು. ಆ ವಸಂತದಲ್ಲಿ ಒಂದು ಮಧ್ಯಾಹ್ನ ಇಯೊಲಾಂಡ ಸೂಪು ಬಡಿಸುತ್ತ, ಈ ಸಲ ಕೇಳುತ್ತಿಲ್ಲ, ಹೇಳುತ್ತಿದ್ದೇನೆ ಅಂದಳು. ಗಾಡಿಗೆ ದೊಡ್ಡ ಎಂಜಿನ್ನು ಬೇಕು. ನೀನು ಹಾಕದಿದ್ದರೆ ಸುಲ್ಮೋನಾದ ಗ್ಯಾರೇಜಿನಲ್ಲಿ ಹಾಕಿಸುತ್ತೇನೆ. ಪಾನ್ಫಿಲೊನ ಹೆಂಡತಿಯ ಗಾಡಿ ಇನ್ನೊಬ್ಬನ ಗ್ಯಾರೇಜಿನಲ್ಲಿ! ಅದಕ್ಕಿಂತ ಅಂಗಡಿ ಮುಚ್ಚಿ ಊರು ಬಿಡುವುದು ವಾಸಿ. ಹಾಕುತ್ತೇನೆ ಅಂದ. ಸೂಪು ಅಲ್ಲೇ ಬಿಟ್ಟು ಗ್ಯಾರೇಜಿಗೆ ನಡೆದ.

ಮಾರನೇ ದಿನ ಗಾಡಿಯ ಹಿಂಭಾಗ ಎತ್ತಿ ಹಳೇ ಎಂಜಿನ್ನು ಇಳಿಸಿದ. ಹೊಸದರ ಎಳೆತ ಜಾಸ್ತಿ, ಗೇರುಪೆಟ್ಟಿಗೆ ತಡೆಯುತ್ತದೋ ಇಲ್ಲವೋ ನೋಡೋಣ ಅಂತ ಅದರ ಎಣ್ಣೆ ಬಸಿದರೆ, ಎಣ್ಣೆಯಲ್ಲಿ ಉಕ್ಕಿನ ಪುಡಿ ಮಿನುಗುತ್ತಿತ್ತು. ಪೆಟ್ಟಿಗೆ ಬಿಚ್ಚಿದ. ಮುಂದಕ್ಕೆ ಹೋಗುವ ನಾಲ್ಕೂ ಗೇರು ಹೊಸದರ ಹಾಗಿದ್ದವು. ಅವಳ ಕೈ ಹಗುರ, ಅದು ಅವನಿಗೆ ಗೊತ್ತಿದ್ದದ್ದೇ. ಹಿಂದಕ್ಕೆ ಹೋಗುವ ಗೇರಿನ ಹಲ್ಲು ಮಾತ್ರ ಮುದುಕಿಯ ವಸಡಿನ ಹಾಗೆ ಸವೆದುಹೋಗಿತ್ತು.

ಮನೆ ಮುಂದೆ ಗಾಡಿ ತಿರುಗಿಸಿ ನಿಲ್ಲಿಸುವುದಕ್ಕೆ ಯಾರೂ ಇಷ್ಟು ಸವೆಸುವುದಿಲ್ಲ. ಪಾನ್ಫಿಲೊ ಆ ಗೇರನ್ನು ಬೆಳಕಿಗೆ ಹಿಡಿದು ನೋಡಿದ, ಬಟ್ಟೆಯಲ್ಲಿ ಒರೆಸಿ ಮತ್ತೆ ನೋಡಿದ. ಆಮೇಲೆ ಟೈರಿನ ಮೇಲೆ ಕುಸಿದು ಕೂತ. ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಉಪಾಯ ಅದು: ಮೊದಲನೇ ಗೇರಿಗೆ ಬಗ್ಗದ ಏರು ಸಿಕ್ಕರೆ ಬುಡದಲ್ಲೇ ಗಾಡಿ ತಿರುಗಿಸು, ರಿವರ್ಸ್ ಹಾಕು, ಕತ್ತು ಹೊರಳಿಸಿ ಹಿಂದಿನ ಗಾಜಿನಲ್ಲಿ ದಾರಿ ನೋಡುತ್ತ ಹಿಂದುಹಿಂದಾಗಿ ಹತ್ತು. ರಿವರ್ಸಿಗೆ ಎಳೆತ ಹೆಚ್ಚು. ಇದನ್ನು ಕಂಡಕಂಡ ಗಿರಾಕಿಗೆ ಹೇಳಿಕೊಟ್ಟವನು ಅವನೇ. ಹೊಸ ಹೆಂಡತಿಗೆ ಗಾಡಿ ಕಲಿಸುವಾಗಲೂ ಹೇಳಿದ್ದ, ಹೇಳಿ ಮರೆತಿದ್ದ. ಈ ಕಣಿವೆಯಲ್ಲಿ ಅಂಥ ಏರು ಇರುವುದು ಒಂದೇ.

ಗುರುವಾರ ಗುರುವಾರ ಸಂತೆಗೆ ಅಂತ ಹೋಗುತ್ತಿದ್ದಳಲ್ಲ, ಹೋಗುತ್ತಿದ್ದುದು ಅಲ್ಲಿಗೆ. ಊರಿಗೆಲ್ಲ ಗೊತ್ತಿತ್ತು, ನಮ್ಮ ಮನೆಯಲ್ಲೂ ಗೊತ್ತಿತ್ತು. ಬೆಟ್ಟದ ಮೇಲೆ ಮೂತಿ ಕೆಳಗಾಗಿ ಹತ್ತುವ ಬಿಳೀ ಗಾಡಿ ಕಣ್ಣಿಗೆ ಬೀಳದೆ ಇರುತ್ತದೆಯೇ? ಅವನಿಗೆ ಹೇಳುವ ಹೊಣೆ ಯಾರಿಗೆ ಬೇಕಿತ್ತು?

ಸಿಟ್ಟು ನೆತ್ತಿಗೇರಿತು. ಕೈಲಿದ್ದ ಸ್ಪ್ಯಾನರು ಎತ್ತಿ ಬಿಸಾಡಿದ. ಇವತ್ತು ಕೇಳಿಯೇ ಬಿಡುತ್ತೇನೆ ಅಂತ ಹಲ್ಲು ಕಚ್ಚಿಕೊಂಡು ಮನೆಗೆ ಹೋದ. ಇಯೊಲಾಂಡ ಮೇಜಿನ ಹತ್ತಿರ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಬಾಗಿಲ ಸದ್ದಿಗೆ ತಿರುಗಿದಳು. ಕತ್ತು ತಿರುಗಲಿಲ್ಲ, ಕುರ್ಚಿ ಸಮೇತ ಇಡೀ ಮೈಯನ್ನೇ ತಿರುಗಿಸಿದಳು. ಚಳಿಗಾಲದಿಂದ ಹೀಗೇ. ಡಾಕ್ಟರು ಕತ್ತಿನ ಮೂಳೆ ಸವೆದಿದೆ ಅಂದಿದ್ದರು. ಬಗ್ಗಿ ಕೂತು ಬಟ್ಟೆ ಹೊಲಿದೂ ಹೊಲಿದೂ ಹೀಗಾಗಿದೆ ಅಂತ ಇವನು ತೀರ್ಮಾನ ಮಾಡಿ, ದಿನಾ ಸಂಜೆ ತಾನೇ ಮುಲಾಮು ಹಚ್ಚಿ ಆ ಕತ್ತನ್ನು ತಿಕ್ಕಿದ್ದ. ಈಗ ಎಂಜಿನ್ನು ಯಾಕೆ ಬೇಕಾಯಿತು ಅನ್ನುವುದು ಅವನಿಗೆ ಆ ಬಾಗಿಲಲ್ಲೇ ಹೊಳೆಯಿತು. ಇನ್ನು ಅವಳಿಗೆ ಕತ್ತು ಹೊರಳಿಸಿ ಹತ್ತಲು ಆಗುವುದಿಲ್ಲ. ತಂದ ಸಿಟ್ಟನ್ನು ಎಲ್ಲಿಡುವುದೋ ತಿಳಿಯದೆ ಕೈ ತೊಳೆದುಕೊಂಡು ಬಂದು, ಅವಳ ಎದುರು ಕೂತು ತಾನೂ ಹುರುಳಿಕಾಯಿ ಬಿಡಿಸಿದ.

ಆಮೇಲಿನ ದಿನಗಳಲ್ಲಿ ಅಷ್ಟು ನಿಗಾ ಇಟ್ಟು ಅವನು ಯಾವ ಕೆಲಸವನ್ನೂ ಮಾಡಿರಲಿಕ್ಕಿಲ್ಲ. ದೊಡ್ಡ ಎಂಜಿನ್ನು ಕೂರಿಸಿದ, ಬ್ರೇಕೂ ದೊಡ್ಡದು ಹಾಕಿದ. ರಿವರ್ಸ್ ಗೇರು ಬದಲಾಯಿಸಿದರೆ ತನಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗುತ್ತದೆ. ಬಿಟ್ಟರೆ ಇಬ್ಬರೂ ಹೀಗೇ ಸುಮ್ಮನಿದ್ದುಬಿಡಬಹುದು. ಒಂದು ದಿನ ಪೂರ್ತಿ ಯೋಚಿಸಿ, ಬದಲಾಯಿಸಿದ.

ಭಾನುವಾರ ಬೆಳಿಗ್ಗೆ ಗಾಡಿಯನ್ನು ಬಾಗಿಲಿಗೆ ತಂದು ಕೀ ಕೊಟ್ಟ.

"ಎಂಜಿನ್ನು, ಬ್ರೇಕು ಎರಡೂ ಆಯ್ತು. ರಿವರ್ಸಿಗೆ ಹಲ್ಲೇ ಇರಲಿಲ್ಲ ಕಣೇ, ಅದನ್ನೂ ಹೊಸದು ಹಾಕಿದೀನಿ."

ಇಯೊಲಾಂಡ ಕೀ ಹಿಡಿದುಕೊಂಡು ನಿಂತಳು.

"ಸಂತೆಯಿಂದ ಅಂತ ತರ್ತಿದ್ಯಲ್ಲ, ಆ ಚೀಸು?" ಅಂದ ಪಾನ್ಫಿಲೊ.

"ನಮ್ಮಣ್ಣನ ಕುರೀದೇ. ನೀನು ಚಪ್ಪರಿಸಿಕೊಂಡು ತಿಂತಿದ್ದೆ."

ಪಾನ್ಫಿಲೊ ನೆಲ ನೋಡಿದ. ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕೊನೆಗೂ ಕೇಳಿದ.

"ಒಂದಿನಾನಾದ್ರೂ ಅಲ್ಲೇ ಉಳಿದುಬಿಡೋಣ ಅನ್ನಿಸಲಿಲ್ವಾ?"

"ಎರಡು ಸಲ ಅನ್ನಿಸ್ತು," ಅಂದಳು ಅವಳು. "ಸಂಜೆ ಆದ್ರೆ ನೀನು ಗ್ಯಾರೇಜು ಮುಚ್ಚಿ ಮನೆಗೆ ಬಂದು, ದೀಪಾನೂ ಹಾಕದೆ ಕೂತಿರ್ತೀಯ ಅಂತ ನೆನಪಾಗೋದು. ಇಳಿದು ಬಂದೆ."

ಪಾನ್ಫಿಲೊ ಅಂಗಿ ಬದಲಾಯಿಸಿಕೊಂಡು ಬಂದು ಗಾಡಿಯಲ್ಲಿ ಅವಳ ಪಕ್ಕಕ್ಕೆ ಕೂತ. ಮಂಡಿ ಗದ್ದಕ್ಕೆ ಬಡಿಯಿತು. ನಡಿ ಅಂದ. ಕೊನೇ ಏರಿನ ಬುಡಕ್ಕೆ ಬಂದಾಗ ಅವಳು ಅಭ್ಯಾಸಬಲದಿಂದ ಗಾಡಿ ತಿರುಗಿಸಲು ಹೊರಟಳು. ಬೇಡ, ನೆಟ್ಟಗೆ ಹೋಗು ಅಂತ ಅವನು ಸ್ಟೀರಿಂಗಿನ ಮೇಲೆ ಕೈಯಿಟ್ಟ. ಗಾಡಿ ಎಲ್ಲೂ ನಿಲ್ಲದೆ ಹತ್ತಿತು. ಹತ್ತುವಾಗ ಇಯೊಲಾಂಡ ಆ ದಾರಿಯನ್ನು ಮುಂದಿನ ಗಾಜಿನಲ್ಲಿ ನೋಡಿದ್ದು ಅದೇ ಮೊದಲು. ಅಷ್ಟೂ ದಾರಿ ಒಬ್ಬಳೇ ನಗುತ್ತಿದ್ದಳು.

ಚೆಸೀದಿಯೊ ಈಗ ಕೋಲೂರುವ ಮುದುಕ. ಅಂಗಳಕ್ಕೆ ಬಂದು ಮೂತಿ ಮುಂದಾಗಿ ನಿಂತ ಗಾಡಿಯನ್ನು ನೋಡಿದ, ತಂಗಿಯನ್ನು ನೋಡಿದ, ಕಡೆಗೆ ಪಕ್ಕದ ಬಾಗಿಲಿಂದ ಕಷ್ಟಪಟ್ಟು ಇಳಿಯುತ್ತಿದ್ದ ಭಾವಮೈದುನನನ್ನು ನೋಡಿದ.

"ಒಂದು ಎಂಜಿನ್ನು ಬದಲಾಯಿಸೋಕೆ ಮೂವತ್ತು ವರ್ಷ ತಗೊಂಡ್ಯಲ್ಲೋ," ಅಂದ. "ಒಳ್ಳೇ ಮೆಕ್ಯಾನಿಕ್ಕು ಅಂತ ಹೇಳಿದ್ರು."

ಪಾನ್ಫಿಲೊ ಅಂಗಳದ ಕಲ್ಲಿನ ಮೇಲೆ ಕಾಲಿಟ್ಟ.

"ಹೌದು ಭಾವ," ಅಂದ, "ತುಂಬಾ ತಡ ಮಾಡಿಬಿಟ್ಟೆ."