ಮುಹರ್ರಕ್‌ನಲ್ಲಿ ಹಗ್ಗ ಹಿಡಿದ ಶುಕ್ರವಾರ

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಾನು ಮತ್ತು ಲ್ಯಾನ್ಸಣ್ಣ ಜಿಂಜ್‌ನ ರೂಮಿನಿಂದ ಹೊರಟೆವು. ಮನಾಮದಲ್ಲಿ ಬಸ್ ಬದಲಿಸಿ ಸಮುದ್ರ ದಾಟಿದರೆ ಮುಹರ್ರಕ್. ಒಂದು ಬಸ್ಸಿಗೆ ಮುನ್ನೂರು ಫಿಲ್ಸ್ ಟಿಕೆಟ್. ಸೆಖೆ ಮುಗಿದು ತಣ್ಣನೆ ಗಾಳಿ ಬೀಸುವ ತಿಂಗಳು. ಸಮುದ್ರದಿಂದ ಮುತ್ತು ತೆಗೆಯುತ್ತಿದ್ದವರ ಹಳೆಯ ಬೀದಿ ನೋಡಬೇಕೆಂದು ಎರಡು ವರ್ಷದಿಂದ ಹೇಳುತ್ತಿದ್ದೆವು, ಹೋಗಿರಲಿಲ್ಲ.

ಈ ಕೊಲ್ಲಿ ದೇಶದಲ್ಲಿ ನಮ್ಮ ಕೆಲಸ ಎತ್ತರದ ಕಟ್ಟಡಗಳ ಗಾಜು ಒರೆಸುವುದು. ಕಾರ್ಕಳದ ಲ್ಯಾನ್ಸಣ್ಣ ಹಗ್ಗದಲ್ಲಿ ಇಳಿಯುವವರು. ನಾನು ಮೇಲೆ ನಿಂತು ಅವರ ಹಗ್ಗ ನೋಡಿಕೊಳ್ಳುವ ಹೆಲ್ಪರ್. ಇಳಿಯುವವನಿಗೆ ಸಂಬಳ ಹೆಚ್ಚು, ಮರ್ಯಾದೆಯೂ ಹೆಚ್ಚು. ಮರುದಿನ ನಾನೂ ಮೊದಲ ಸಲ ಇಳಿಯುವುದಿತ್ತು, ಹನ್ನೆರಡನೇ ಮಹಡಿಯಿಂದ. ಅದು ಖುಷಿಯೇ. ಆದರೆ ನನ್ನ ಹಗ್ಗಕ್ಕೆ ಸೂಪರ್‌ವೈಸರ್ ಹಾಕಿದ್ದು ಬಂದು ಹತ್ತು ದಿನವಾದ ಹೊಸಬನನ್ನು. ನೀವೇ ನಿಲ್ಲಿ ಎಂದು ಲ್ಯಾನ್ಸಣ್ಣನನ್ನು ಕೇಳಲು ಬಾಯಿ ಬರಲಿಲ್ಲ. ಒಂದು ಮೆಟ್ಟಿಲು ಕೆಳಗೆ ಬನ್ನಿ ಎಂದ ಹಾಗಾಗುತ್ತದೆ.

ಮುಹರ್ರಕ್ ಪೇಟೆಯಲ್ಲಿ ಬಲಾಲೀತ್ ತಿಂದೆವು. ಸಕ್ಕರೆ ಹಾಕಿದ ಶಾವಿಗೆ, ಮೇಲೆ ಆಮ್ಲೆಟ್.

"ಪಾಯಸಕ್ಕೆ ಮೊಟ್ಟೆ ಹಾಕಿದ್ದು ಯಾರು ಮಾರಾಯ?" ಎಂದರು ಲ್ಯಾನ್ಸಣ್ಣ. ಎರಡನೇ ಪ್ಲೇಟ್ ತರಿಸಿದ್ದೂ ಅವರೇ.

ಬೀದಿ ಸಣ್ಣದು. ಮುತ್ತಿನ ವ್ಯಾಪಾರಿಯ ಮನೆ ದೊಡ್ಡದು, ಗೋಡೆ ತುಂಬ ಕೆತ್ತನೆ. ಮುತ್ತಿಗೆ ಮುಳುಗುತ್ತಿದ್ದವನ ಮನೆ ನಮ್ಮ ರೂಮಿನಷ್ಟೇ. ಒಂದು ಮನೆಯ ಅಂಗಳದಲ್ಲಿ ಅಲ್ಲಿನವರೇ ಆದ ಮುದುಕರೊಬ್ಬರು ಕೂತು ಬಂದವರಿಗೆ ಹಳೆಯ ಸಾಮಾನು ತೋರಿಸುತ್ತಿದ್ದರು. ಒಳ್ಳೆಯ ಹಿಂದಿ ಬರುತ್ತಿತ್ತು.

"ಎಲ್ಲರಿಗಿಂತ ಮೇಲೆ ವ್ಯಾಪಾರಿ. ಅವನು ದೋಣಿ ಹತ್ತುವುದೇ ಇಲ್ಲ," ಎಂದರು.

"ನಮ್ಮ ಮುದೀರ್ ಸಹ ಟೆರೇಸ್ ಹತ್ತಿದ್ದು ನಾನು ನೋಡ್ಲಿಲ್ಲ," ಎಂದು ಲ್ಯಾನ್ಸಣ್ಣ ನನ್ನ ಕಿವಿಯಲ್ಲಿ ಹೇಳಿದರು. ಮುದೀರ್ ಎಂದರೆ ಮ್ಯಾನೇಜರು.

ವ್ಯಾಪಾರಿಯ ಕೆಳಗೆ ದೋಣಿಯ ನಾಯಕ, ಅವನ ಕೆಳಗೆ ಮುಳುಗುವವನು, ಅವನಿಗಿಂತಲೂ ಕೆಳಗೆ, ದೋಣಿಯಲ್ಲಿ ನಿಂತು ಅವನನ್ನು ಹಗ್ಗದಿಂದ ಮೇಲೆ ಎಳೆಯುವವನು. ನೂರಾರು ವರ್ಷದ ಹಿಂದೆಯೂ ಇದೇ ಸಾಲು ಎಂದರು ಮುದುಕರು. ಅವರ ಅಜ್ಜ ಹಗ್ಗದವನಂತೆ.

"ಇವನೂ ಹಗ್ಗದವ," ಎಂದು ಲ್ಯಾನ್ಸಣ್ಣ ನನ್ನನ್ನು ಮುಂದೆ ತಳ್ಳಿದರು.

ಮುದುಕರು ಸಾಮಾನಿನಿಂದ ಒಂದು ಹಳೆಯ ಹಗ್ಗ ತೆಗೆದು, ಅದರ ಒಂದು ತುದಿ ಲ್ಯಾನ್ಸಣ್ಣನ ಕೈಗೆ ಕೊಟ್ಟು ಉಸಿರು ಕಟ್ಟಿ ಕೂರಲು ಹೇಳಿದರು. ಇನ್ನೊಂದು ತುದಿ ನನಗೆ. ನಾನು ಬೆನ್ನು ತಿರುಗಿಸಿ ನಿಲ್ಲಬೇಕು. ಉಸಿರು ಮುಗಿದಾಗ ಲ್ಯಾನ್ಸಣ್ಣ ಜಗ್ಗುತ್ತಾರೆ, ಆಗ ನಾನು ಎಳೆಯಬೇಕು. ಸ್ವಲ್ಪ ಹೊತ್ತಿಗೆ ಹಗ್ಗ ಚೂರು ಸಡಿಲವಾಯಿತು. ಜಗ್ಗುವುದನ್ನು ಕಾಯದೆ ಎಳೆದುಬಿಟ್ಟೆ. ಲ್ಯಾನ್ಸಣ್ಣ ಕೆಂಪು ಮುಖ ಮಾಡಿಕೊಂಡು ನನ್ನ ಬೆನ್ನಿಗೇ ಬಂದು ಬಡಿದರು. ಅಲ್ಲಿದ್ದವರೆಲ್ಲ ನಕ್ಕರು.

"ಇನ್ನು ಎರಡು ಸೆಕೆಂಡ್ ಆಗಿದ್ರೆ ಹೋಗ್ತಿದ್ದೆ ಮಾರಾಯ. ನಿನಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗ್ತದೆ," ಎಂದೆ.

ಮುದುಕರು ತಲೆಯಾಡಿಸಿದರು. "ನನ್ನ ಅಜ್ಜ ಹೇಳುತ್ತಿದ್ದರು, ಮುಳುಗುವವನು ತನ್ನ ಹಗ್ಗದವನನ್ನು ತಾನೇ ಆರಿಸಬೇಕು, ಅದನ್ನು ಬೇರೆಯವರಿಗೆ ಬಿಡಬಾರದು. ನೀನೇ ಇಳಿದರೆ ನಿನ್ನ ಹಗ್ಗಕ್ಕೆ ಯಾರಿದ್ದಾರೆ?" ಎಂದು ನನ್ನನ್ನು ಕೇಳಿದರು.

ನಾಳೆ ಇಳಿಯುವವನು ನಾನು, ಹಗ್ಗಕ್ಕೆ ಹೊಸಬ ಎಂದೆ. ಮುದುಕರು ಗಾವಾ ಬಗ್ಗಿಸಿ ಕೊಟ್ಟರು. ಏಲಕ್ಕಿ ಹಾಕಿದ ಕಹಿ ಕಾಫಿ. ಕುಡಿದು ಹೊರಟೆವು.

ಬಸ್ ಸ್ಟಾಪಿನಲ್ಲಿ ಲ್ಯಾನ್ಸಣ್ಣ ಸೂಪರ್‌ವೈಸರ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದರು.

"ಸಾರ್, ನಾಳೆ ಹರೀಶನ ಹಗ್ಗಕ್ಕೆ ನಾನು ನಿಲ್ತೇನೆ."

"ಅದು ಹೆಲ್ಪರ್ ಕೆಲಸ. ನಿನ್ನ ಕೈಕೆಳಗಿದ್ದವನ ಹಗ್ಗ ನೀನು ಹಿಡೀತೀಯಾ? ಎಲ್ಲರೂ ನಗ್ತಾರೆ."

"ನಗ್ಲಿ ಸಾರ್. ನಾಳೆ ನಾನು ಹೆಲ್ಪರ್. ಹೊಸಬ ನನ್ನ ಹತ್ರ ನಿಂತು ಕಲೀಲಿ."

"ಒಂದು ದಿನ ಮಾತ್ರ," ಎಂದರು ಸೂಪರ್‌ವೈಸರ್.

"ಅಣ್ಣ, ನೀವು ಎಂತಕ್ಕೆ..." ಎಂದೆ.

"ಸುಮ್ನಿರು. ಗಾಜಿನಲ್ಲಿ ಕಲೆ ಬಿಟ್ರೆ ಮೇಲಿಂದ ಬೈತೇನೆ, ಕೆಳಗೆ ರೋಡಿನವರಿಗೂ ಕೇಳ್ಬೇಕು."

ಸೇತುವೆಯ ಮೇಲೆ ಬಸ್ಸಿನ ಹಿಂದಿನ ಕಿಟಕಿಯಿಂದ ಮುಹರ್ರಕ್ ಒಂದು ಸಲ ನೋಡಿದೆ. ಲ್ಯಾನ್ಸಣ್ಣ ಆಗಲೇ ನಿದ್ದೆ ಹೋಗಿದ್ದರು. ಮನಾಮ ಬಂದಾಗ ನಾಳೆಯ ಕಟ್ಟಡ ಕಂಡಿತು. ಗಾಜೆಲ್ಲ ಧೂಳು ಹಿಡಿದಿತ್ತು. ಬೆಳಿಗ್ಗೆ ಬೇಗ ಶುರು ಮಾಡಿದರೆ ಮಧ್ಯಾಹ್ನದೊಳಗೆ ಒಂದು ಬದಿ ಮುಗಿಸಬಹುದು ಅನ್ನಿಸಿತು.