ಪಶ್ಚಿಮಕ್ಕೆ ಹಳ್ಳ

ನಮ್ಮ ಹೋಬಳಿಯ ಇತಿಹಾಸ ಮತ್ತು ಭೂಗೋಳ ಬರೆದುಕೊಡಿ, ಪುಸ್ತಿಕೆ ಮಾಡಿಸುತ್ತೇವೆ ಎಂದು ಪಂಚಾಯಿತಿಯವರು ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ 'ನಮ್ಮ ಜಿಲ್ಲೆ' ಪಾಠ ಮಾಡಿದವಳು ನಾನು. ಆ ಪಾಠದಲ್ಲಿ ತಲಕಾವೇರಿ ಇತ್ತು, ಮಡಿಕೇರಿ ಕೋಟೆ ಇತ್ತು, ಕಾವೇರಿ ಶಿರಂಗಾಲದಲ್ಲಿ ಜಿಲ್ಲೆ ಬಿಟ್ಟು ಹೊರಡುತ್ತಾಳೆ ಎಂಬುದೂ ಇತ್ತು. ಕೊಡ್ಲಿಪೇಟೆ ಕಡೆಯ ನಾವು ಮಾತ್ರ ಎಲ್ಲೂ ಇರಲಿಲ್ಲ. ನಮ್ಮೂರು ಎಲ್ಲಿದೆ ಟೀಚರ್ ಎಂದು ಮಕ್ಕಳು ಕೇಳಿದರೆ ಭೂಪಟದ ಮೇಲಂಚಿನಲ್ಲಿ, ಮೊಳೆ ಹೊಡೆದು ಹರಿದುಹೋಗಿದ್ದ ಜಾಗದ ಪಕ್ಕ ಬೆರಳಿಡುತ್ತಿದ್ದೆ. ಇಷ್ಟು ವರ್ಷ ಯಾರಿಗೂ ಬೇಡವಾಗಿದ್ದ ಊರಿನ ಚರಿತ್ರೆ ಈಗ ಹದಿನೈದು ದಿನದಲ್ಲಿ ಬೇಕಂತೆ.

ಮಡಿಕೇರಿಗೆ ಹೋದರೆ ನೀವು ಹಾಸನದವರ ಥರ ಮಾತಾಡ್ತೀರಲ್ಲ ಎನ್ನುತ್ತಾರೆ. ಹಾಸನದಲ್ಲಿ ಮದುವೆಗೆ ಹೋದರೆ, ನೀವು ಕೊಡಗಿನವರಾ, ಮನೆಯಲ್ಲಿ ಕೋವಿ ಇದೆಯಾ ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ಇರುವುದು ಒಂದು ಹಳೇ ಛತ್ರಿ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ.

ಭೂಗೋಳ ಅಂದರೆ ಇಷ್ಟೇ. ಉತ್ತರಕ್ಕೆ ಹೇಮಾವತಿ, ಅದರಾಚೆ ಹಾಸನ. ಗುಡ್ಡದ ಮೇಲೆ ಕಾಫಿ, ತಗ್ಗಿನಲ್ಲಿ ಗದ್ದೆ, ಮೂಡಲಿಗೆ ಹೋದಂತೆ ಮಳೆ ಕಮ್ಮಿಯಾಗಿ ಜೋಳ, ಶುಂಠಿ. ಜನ ಬಹಳ ಇಲ್ಲ. ನಮ್ಮಲ್ಲಿ ಪಕ್ಕದ ಮನೆ ಎಂದರೆ ಒಂದು ಗದ್ದೆ ಬಯಲು, ಒಂದು ತೋಟ, ಎರಡು ಬೇಲಿ ದಾಟಿದ ಮೇಲೆ ಸಿಗುವ ಮನೆ. ಜನಗಣತಿ ಡ್ಯೂಟಿಗೆ ಹಾಕಿದಾಗೆಲ್ಲ ಒಂದು ದಿನಕ್ಕೆ ಎಂಟು ಮನೆ ಮುಗಿಸಿ ಬಂದು ಕಾಲು ಬಿಸಿನೀರಲ್ಲಿ ಇಟ್ಟುಕೊಂಡು ಕೂರುತ್ತಿದ್ದೆ. ಮೇಲಿನವರು ಮಾತ್ರ, ಏನ್ ಮೇಡಂ ಇಷ್ಟೇನಾ ಎನ್ನುತ್ತಿದ್ದರು. ಬಂದು ನಡೆದು ನೋಡಬೇಕಿತ್ತು ಅವರು.

ಇತಿಹಾಸ ಎಂದರೆ ಕಡಂಗ. ಹಿಂದಿನ ಕಾಲದಲ್ಲಿ ಗಡಿಗೆ, ಯುದ್ಧಕ್ಕೆ ಎಂದು ತೋಡಿದ ಕಂದಕಕ್ಕೆ ಕೊಡಗಿನಲ್ಲಿ ಕಡಂಗ ಎನ್ನುತ್ತಾರೆ. ನಮ್ಮೂರಿನದು ಆಳು ಮುಳುಗುವಷ್ಟು ಆಳ. ತೋಡಿದ ಮಣ್ಣನ್ನು ಎರಡೂ ಬದಿ ಏರಿಯಾಗಿ ಹಾಕಿದ್ದಾರೆ. ಈಗ ಏರಿಯ ಮೇಲೆ ಮರ ಬೆಳೆದಿದೆ, ಒಳಗೆ ತರಗೆಲೆ ತುಂಬಿದೆ. ಯಾವ ರಾಜ ತೋಡಿಸಿದ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗಂತೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆದರೆ ಪಂಚಾಯಿತಿಯವರಿಗೆ ಬೇಜಾರು, ಏನಾದ್ರೂ ಒಂದು ರಾಜನ ಹೆಸರು ಹಾಕಿ ಟೀಚರ್ ಎಂದು ಬೇಡಿಕೆ. ಹಾಕಲಿಲ್ಲ.

ಈ ಕಡಂಗದ ದಂಡೆಯ ಮೇಲೆ ಒಬ್ಬ ಅಕ್ಕನ ಮನೆಯಿದೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಮದುವೆಯಾಗಿ ಬಂದಾಗಿನಿಂದ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಇದ್ದವರು, ಕಾಫಿ ಪಿಕ್ಕಿಂಗು, ಕಳೆ, ಮೆಣಸು ಬಿಡಿಸುವುದು ಎಲ್ಲ ಮಾಡಿದವರು. ಲೈನಿನ ಮನೆ ಕೆಲಸ ಇರುವವರೆಗೆ ಮಾತ್ರ. ಹಾಜರಿ ಬರೆಯುವ ರೈಟರ್‌ ಮುಖ ಗಂಟು ಹಾಕಿಕೊಂಡರೆ ಪಾತ್ರೆ ಪಗಡೆ ಕಟ್ಟಿಕೊಂಡು ಹೊರಡಬೇಕು. ಹಾಗೆ ಮೂರು ಸಲ ಹೊರಟವರು ಅವರು. ಕೊನೆಗೆ ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಗಂಡ ಹೆಂಡತಿ ಇಬ್ಬರೇ ಮಣ್ಣಿಟ್ಟಿಗೆ ಹೊಯ್ದು ಎರಡು ಕೋಣೆ ಎಬ್ಬಿಸಿದರು. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಅಲ್ಲೇ ಇದ್ದಾರೆ. ಕರೆಂಟು ಬಂದಿದೆ, ನಲ್ಲಿ ಬಂದಿದೆ. ಜಾಗ ಮಾತ್ರ ಅವರ ಹೆಸರಿಗಿಲ್ಲ.

ಹೀಗೆ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಹಕ್ಕುಪತ್ರ ಕೊಡುವ ಅರ್ಜಿಗೆ ನಮ್ಮೂರಲ್ಲಿ ಎಲ್ಲರೂ ನೈಂಟಿಫೋರ್‌ಸಿ ಎನ್ನುತ್ತಾರೆ. ಊರಿನ ಅರ್ಜಿಗಳೆಲ್ಲ ನನ್ನ ಹತ್ತಿರವೇ ಬರುತ್ತವೆ, ನಿವೃತ್ತಿಯಾದ ಮೇಲೆ ಅದೊಂದು ಬಿಟ್ಟಿ ಚಾಕರಿ. ಅಕ್ಕನ ಅರ್ಜಿಯನ್ನೂ ನಾನೇ ಬರೆದೆ. ಅದರಲ್ಲಿ ಚಕ್ಕುಬಂದಿ ಎಂಬ ಒಂದು ಕಲಂ ಇರುತ್ತದೆ, ಮನೆಯ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುವುದು. ಪೂರ್ವಕ್ಕೆ ರಸ್ತೆ, ಉತ್ತರಕ್ಕೆ ಎಸ್ಟೇಟಿನ ಬೇಲಿ, ದಕ್ಷಿಣಕ್ಕೆ ಪೈಸಾರಿ. ಪಶ್ಚಿಮಕ್ಕೆ ಕಡಂಗ ಇದೆ, ಅಲ್ಲಿ ಬರೆದದ್ದು 'ಹಳ್ಳ'. ಅಕ್ಕ ಹಳ್ಳ ಅಂದರು, ನಾನು ಬರೆದೆ. ಹಾಗೆಂದೇ ನನಗೆ ನೆನಪಿದ್ದದ್ದು, ಹಾಗೆಂದೇ ಎಲ್ಲರಿಗೂ ಹೇಳಿಕೊಂಡು ಬಂದದ್ದು.

ಈ ಹಳ್ಳ ಎಂಬ ಪದದಿಂದ ನನ್ನ ತಲೆ ಕೆಟ್ಟುಹೋಗಿದೆ. ಹರಿಯುವ ತೊರೆಗೂ ಹಳ್ಳ ಅನ್ನುತ್ತೇವೆ, ರಸ್ತೆಯ ಗುಂಡಿಗೂ ಹಳ್ಳ, ಬಾಳೆ ನೆಡಲು ತೆಗೆದ ಕುಳಿಗೂ ಹಳ್ಳ. ಊರೊಳಗೆ ಯಾರಿಗೂ ಗೊಂದಲವಿಲ್ಲ, ಯಾಕೆಂದರೆ ಎಲ್ಲರಿಗೂ ಆಯಾ ಜಾಗ ಗೊತ್ತು. ಕಾಗದದ ಮೇಲೆ ಬಿದ್ದ ಕೂಡಲೇ ಶುರುವಾಯಿತು ಗ್ರಹಚಾರ. ವರ್ಷ ಕಳೆದ ಮೇಲೆ ಅಕ್ಕನಿಗೆ ಹಕ್ಕುಪತ್ರದ ಬದಲು ನೋಟೀಸು ಬಂತು. ಹಳ್ಳದ ದಂಡೆಯನ್ನು ಒತ್ತುವರಿ ಮಾಡಿ ಮನೆ ಕಟ್ಟಿದ್ದೀರಿ, ಹದಿನೈದು ದಿನದೊಳಗೆ ಸಮಜಾಯಿಷಿ ಕೊಡಿ, ಇಲ್ಲದಿದ್ದರೆ ತೆರವು ಮಾಡಲಾಗುವುದು ಎಂದು.

ಅಕ್ಕ ನೋಟೀಸು ಹಿಡಿದು ನಮ್ಮ ಮನೆಗೆ ಬಂದರು. ಓದಿ ಹೇಳಿದೆ. ಅವರು ಜಗಲಿಯ ಮೇಲೆ ಕೂತು, ಇನ್ನೊಂದ್ ಸಲ ಓದಿ ಎಂದರು. ಮತ್ತೆ ಓದಿದೆ. ಈ ವಯಸ್ಸಲ್ಲಿ ಮತ್ತೆ ಲೈನಿಗೆ ಯಾರು ಸೇರಿಸಿಕೊಳ್ಳುತ್ತಾರೆ ಎಂದು ಅಷ್ಟೇ ಕೇಳಿದರು. ನನಗೆ ಅಳು ಬರುವ ಹಾಗಾಯಿತು. ಅಳು ಬಂದಾಗ ನಾನು ಬೈಯುತ್ತೇನೆ, ಅದು ನನ್ನ ಹುಟ್ಟುಗುಣ. ಸರ್ಕಾರವನ್ನು ಬೈದೆ, ಕಚೇರಿಯನ್ನು ಬೈದೆ, ಮರುದಿನ ಇಬ್ಬರೂ ಬಸ್ಸಿನಲ್ಲಿ ತಾಲ್ಲೂಕು ಕಚೇರಿಗೆ ಹೋಗುವಾಗ ದಾರಿಯುದ್ದಕ್ಕೂ ಅಕ್ಕನನ್ನೇ ಬೈದೆ. ಅಷ್ಟು ಜನರ ಎದುರಿಗೆ, ಸರಿಯಾದ ಒಂದು ಮಾತು ಬರಲ್ವಾ ನಿಮ್ಮ ಬಾಯಲ್ಲಿ, ಕಡಂಗ ಅಂದಿದ್ದರೆ ಇಷ್ಟೆಲ್ಲ ಆಗುತ್ತಿತ್ತಾ ಎಂದೆ. ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಕಚೇರಿಯಲ್ಲಿ ಸರ್ವೆಯರ್ ಹೊಸಬರು, ಉತ್ತರ ಕರ್ನಾಟಕದ ಕಡೆಯವರು, ಒಳ್ಳೆಯವರೇ. ಕುರ್ಚಿ ಹಾಕಿ ಕೂರಿಸಿದರು. ಕಂಪ್ಯೂಟರ್ ತಿರುಗಿಸಿ ಟೈಪು ಮಾಡಿದ ಚಕ್ಕುಬಂದಿ ತೋರಿಸಿದರು. ಪಶ್ಚಿಮಕ್ಕೆ ಹಳ್ಳ. ಅದು ನೀರಿನ ಹಳ್ಳ ಅಲ್ಲ, ರಾಜರ ಕಾಲದ ಕಂದಕ, ಅದರಲ್ಲಿ ನೀರೇ ಇಲ್ಲ ಎಂದು ನಾನು ನಾಲ್ಕನೇ ಕ್ಲಾಸಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ.

"ನಮ್ಮ ಕಡಿ ಹಳ್ಳದಾಗೂ ವರ್ಷದಾಗ ಎಂಟ್ ತಿಂಗಳ ನೀರ ಇರಂಗಿಲ್ರಿ ಮೇಡಂ," ಎಂದರು ಅವರು. "ಮಳಿ ಬಂದ್ರ ಎಮ್ಮಿ ಸೈತ ತೇಲಿ ಹೋಗ್ತಾವು."

ಅವರ ಊರಿನ ಭೂಗೋಳ ಅವರಿಗೆ ಸರಿ. ಕಡಂಗ ಎಂದು ಹೇಳುವ ಒಂದು ಕಾಗದ ತನ್ನಿ, ಇಲ್ಲವೇ ನಾನೇ ಒಂದು ದಿನ ಸ್ಥಳ ನೋಡುತ್ತೇನೆ ಎಂದರು. ಕಾಗದ ಎಲ್ಲಿಂದ ತರಲಿ? ಕಡಂಗ ತೋಡಿದವರು ರಸೀದಿ ಇಟ್ಟು ಹೋಗಿದ್ದಾರೆಯೇ? ಮನೆಗೆ ಬಂದವಳೇ ಪಂಚಾಯಿತಿ ಪುಸ್ತಿಕೆಗೆ ಎರಡು ಪುಟ ಬರೆದೆ. ನಮ್ಮ ಜನ ತಮ್ಮ ನೆಲದ ಹೆಸರುಗಳನ್ನೇ ಮರೆಯುತ್ತಿದ್ದಾರೆ, ಕಡಂಗವನ್ನು ಹಳ್ಳ ಎಂದು ಹೇಳಿ ಒಬ್ಬ ಅಮಾಯಕ ಹೆಂಗಸು ಮನೆ ಕಳೆದುಕೊಳ್ಳುವ ಸ್ಥಿತಿಗೆ ಬಂದಿದ್ದಾಳೆ ಎಂದೆಲ್ಲ. ಓದಿ ನೋಡಿದಾಗ ಚೆನ್ನಾಗಿದೆ ಅನಿಸಿತು. ಆ ಅನಿಸಿಕೆ ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ಸರ್ವೆಯರ್ ಬಂದದ್ದು ಗಡುವಿಗೆ ನಾಲ್ಕು ದಿನ ಉಳಿದಾಗ, ಅದೂ ಜುಲೈ ತಿಂಗಳಲ್ಲಿ. ನಮ್ಮ ದುರದೃಷ್ಟಕ್ಕೆ ಮೂರು ದಿನ ಬಿಡದೆ ಮಳೆ ಹೊಡೆದಿತ್ತು. ಅಕ್ಕನ ಮನೆಯ ಹಿಂದೆ ಕಡಂಗದಲ್ಲಿ ಮೊಣಕಾಲಿನ ತನಕ ಕೆಂಪು ನೀರು ನಿಂತಿತ್ತು. ಸರ್ವೆಯರ್ ಛತ್ರಿ ಹಿಡಿದು ಇಣುಕಿ ನೋಡಿದರು. ನಾನು ರಾಜರು, ಗಡಿ, ಸೈನಿಕರು ಎಂದು ಮತ್ತೆ ಶುರು ಮಾಡಿದೆ. ಅವರು ಮೊಬೈಲಿನಲ್ಲಿ ಫೋಟೋ ತೆಗೆಯತೊಡಗಿದರು. ಕೆಂಪು ನೀರಿನ ಫೋಟೋ, ಅದರ ಪಕ್ಕ ಮನೆಯ ಗೋಡೆ. ಇನ್ನು ಮುಗಿಯಿತು ಎಂದುಕೊಂಡೆ.

ಆಗ ಅಕ್ಕ ಮನೆಯೊಳಗಿಂದ ಕತ್ತಿ ತಂದರು. ಸರ್ವೆಯರ್ ಎರಡು ಹೆಜ್ಜೆ ಹಿಂದೆ ಸರಿದರು. ಅಕ್ಕ ಅವರ ಕಡೆ ನೋಡದೆ ಏರಿಯ ಮೇಲಿನ ಲಂಟಾನ ಸವರಿ ದಾರಿ ಮಾಡಿದರು.

"ಬನ್ನಿ ಸ್ವಾಮಿ, ಇದ್ರ ಕೊನೆಗಂಟ ನಡ್ಕಂಡ್ ಹೋಗನ," ಎಂದರು.

ಹೋದೆವು. ಅಕ್ಕ ಮುಂದೆ, ಪ್ಯಾಂಟು ಮಡಚಿದ ಸರ್ವೆಯರ್ ನಡುವೆ, ಮಂಡಿ ನೋವಿನ ನಾನು ಹಿಂದೆ. ಕಡಂಗ ಮನೆಯ ಹಿಂದಿನಿಂದ ಸೀದಾ ಗುಡ್ಡಕ್ಕೆ ಹತ್ತುತ್ತದೆ. ಕಾಲಿಗೆ ಜಿಗಣೆ ಹತ್ತಿ ಸರ್ವೆಯರ್ ಹತ್ತು ಹೆಜ್ಜೆಗೊಮ್ಮೆ ಕುಣಿಯುತ್ತಿದ್ದರು. ಏರಿದಂತೆ ಕಡಂಗದೊಳಗೆ ನೀರು ಕಮ್ಮಿಯಾಯಿತು, ಆಮೇಲೆ ಬರೀ ಒದ್ದೆ ಎಲೆ. ನೆತ್ತಿ ಮುಟ್ಟಿದಾಗ ನನಗೆ ಉಸಿರು ಸಿಗುತ್ತಿರಲಿಲ್ಲ. ಕಡಂಗ ಅಲ್ಲಿ ನಿಲ್ಲಲಿಲ್ಲ. ಗುಡ್ಡದ ನೆತ್ತಿಯನ್ನು ಅಷ್ಟೇ ಆಳಕ್ಕೆ ಕತ್ತರಿಸಿಕೊಂಡು ಆಚೆ ಬದಿಗೆ ಇಳಿದು, ಎದುರಿನ ಗುಡ್ಡಕ್ಕೆ ಮತ್ತೆ ಏರಿತ್ತು.

ಅಕ್ಕ ಕತ್ತಿಯ ಹಿಡಿಯಿಂದ ಎರಡೂ ಕಡೆ ತೋರಿಸಿದರು.

"ಹಳ್ಳ ಆದ್ರೆ ನೀರು ಗುಡ್ಡ ಹತ್ತಿ ಇಳೀತದಾ ಸ್ವಾಮಿ?"

ಸರ್ವೆಯರ್ ಈಚೆ ನೋಡಿದರು, ಆಚೆ ನೋಡಿದರು. ಆಮೇಲೆ ನಕ್ಕುಬಿಟ್ಟರು. ಇಲ್ಲವ್ವಾ, ಹತ್ತಂಗಿಲ್ಲ ಎಂದರು. ಅಲ್ಲಿಂದಲೇ ಎರಡೂ ಬದಿಯ ಫೋಟೋ ತೆಗೆದುಕೊಂಡರು, ಎತ್ತರ ಅಳೆದು ಬರೆದುಕೊಂಡರು. ನಾನು ಕಡಿದ ಮರದ ಒಂದು ಬುಡ್ಡೆಯ ಮೇಲೆ ಕೂತಿದ್ದೆ. ನೀರು ಇಳಿಜಾರಿಗೆ ಹರಿಯುತ್ತದೆ ಎಂಬುದನ್ನು ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಇಳಿದು ಬಂದು ಅಕ್ಕನ ಮನೆಯ ಜಗಲಿಯಲ್ಲಿ ಕೂತೆವು. ಅಕ್ಕನ ಮಗಳು ಬೆಲ್ಲದ ಕಾಫಿ ಕೊಟ್ಟಳು. ಸರ್ವೆಯರ್ ಜಿಗಣೆ ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚಿಕೊಂಡು, ನೋಟೀಸು ವಾಪಸ್ಸಾಗುವ ಹಾಗೆ ವರದಿ ಕೊಡುತ್ತೇನೆ, ಮೂಲ ಅರ್ಜಿಯಲ್ಲಿ ಮಾತ್ರ ತಿದ್ದುಪಡಿ ಆಗಬೇಕು, ಬರೆದವರೂ ಸಹಿ ಹಾಕಬೇಕು ಎಂದರು. ಚೀಲದಿಂದ ಫೈಲು ತೆಗೆದು ನನ್ನ ಮುಂದೆ ಇಟ್ಟರು.

ನನ್ನದೇ ದುಂಡು ಅಕ್ಷರ. ಪೂರ್ವಕ್ಕೆ ರಸ್ತೆ. ಉತ್ತರಕ್ಕೆ ಬೇಲಿ. ದಕ್ಷಿಣಕ್ಕೆ ಪೈಸಾರಿ. ಪಶ್ಚಿಮಕ್ಕೆ ಎಂಬಲ್ಲಿ ಮೊದಲು ಕಡಂಗ ಎಂದು ಬರೆದಿತ್ತು. ಅದರ ಮೇಲೆ ಅಡ್ಡಗೀಟು ಎಳೆದು, ಮೇಲುಗಡೆ ಹಳ್ಳ ಎಂದು ತಿದ್ದಿತ್ತು. ಅಡ್ಡಗೀಟೂ ನನ್ನದೇ, ಮಕ್ಕಳ ಕಾಪಿಯಲ್ಲಿ ತಪ್ಪು ಸಿಕ್ಕಾಗ ಎಳೆಯುತ್ತಿದ್ದಂಥದ್ದು, ಎರಡು ಗೀಟು.

ಆಗ ನೆನಪಾಯಿತು. ಆವತ್ತು ಬೇರೆ ಮೂರು ಅರ್ಜಿ ಕಾಯುತ್ತಿದ್ದವು. ಕಡಂಗ ಅಂದರೆ ಕಚೇರಿಯವರಿಗೆ ಏನು ಅರ್ಥವಾಗುತ್ತದೆ ಅಕ್ಕಾ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಬೇಕು ಎಂದಿದ್ದೆ. ಅವರು ಇನ್ನೊಂದು ಸಲ ಕಡಂಗ ಎಂದಿದ್ದರು. ನಾನು ಗದರಿಸಿದ್ದೆ.

"ಬಸ್ಸಲ್ಲಿ ಅಷ್ಟು ಬೈದೆನಲ್ಲ," ಎಂದೆ. "ಯಾಕೆ ಹೇಳಲಿಲ್ಲ ಅಕ್ಕಾ?"

ಅವರು ಸೆರಗಿನಿಂದ ಕತ್ತಿ ಒರೆಸುತ್ತಿದ್ದರು.

"ನೀವ್ ಓದ್ದೋರು ಟೀಚ್ರೇ. ನಾನೇ ಏನೋ ತಪ್ಪು ಹೇಳಿರ್ಬೇಕು ಅನ್ಕಂಡೆ."

ಸರ್ವೆಯರ್ ಪೆನ್ನಿನ ಮುಚ್ಚಳ ತೆಗೆದು, ಈಗ ಏನಂತ ಬರೀಲಿ ಎಂದು ಅಕ್ಕನನ್ನೇ ಕೇಳಿದರು. ಮನೆ ಅಕ್ಕನದು, ಕೇಳಬೇಕಾದದ್ದೂ ಅವರನ್ನೇ. ಅಕ್ಕ ಮೊದಲು ನನ್ನ ಮುಖ ನೋಡಿದರು. ನೀವೇ ಹೇಳಿ ಅಕ್ಕಾ ಎಂದೆ.

"ಕಡಂಗ," ಎಂದರು, ಬಹಳ ಮೆಲ್ಲಗೆ, ನಾನು ಎಲ್ಲಿ ತಿದ್ದುತ್ತೇನೋ ಎಂದು.