ಅಕ್ಕನ ಕಾರಿಗೆ ನಾನು ಹಾಕಿಸಿದ ಆಯಿಲ್

ಮೊನ್ನೆ ಸೊಸೆಯ ಕಾರನ್ನು ಸರ್ವೀಸಿಗೆ ಬಿಟ್ಟು, ಅಲ್ಲೇ ಕುರ್ಚಿಯೊಂದರಲ್ಲಿ ಕೂತು ಹಿಂದಿನ ದಿನದ ಪೇಪರನ್ನು ಹೊಸದೆಂಬಂತೆ ಓದುತ್ತಿದ್ದೆ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಬಂದ. "ಸಾರ್, ಗೇರ್‌ಬಾಕ್ಸ್ ಆಯಿಲ್ ಬದಲಾಯಿಸ್ಬೇಕು. ಕಂಪನಿದೇ ಹಾಕೋಣ್ವಾ, ಹೊರಗಿನದು ಸಾಕಾ?" ಎಂದ. ಅವನ ಕೈಯಲ್ಲಿದ್ದ ಬಟ್ಟೆಯಿಂದ ಕಮಟು ಹಿಡಿದ ಎಣ್ಣೆಯ ವಾಸನೆ ಬಂತು. ಇಷ್ಟು ಸಣ್ಣ ಪ್ರಶ್ನೆಗೆ ನಾನು ಪೇಪರನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದೆ. ಅವನು ಪಾಪ, ನನಗೆ ಕಿವಿ ಮಂದವೆಂದುಕೊಂಡು ಇನ್ನೊಮ್ಮೆ ಜೋರಾಗಿ ಕೇಳಿದ.

ನಿಮಗೆ ನನ್ನ ಅಂಗಡಿಯ ವಿಷಯ ಹೇಳಬೇಕು. ಅರಸೀಕೆರೆಯಲ್ಲಿ ಬಹಳ ವರ್ಷ ನನ್ನದೊಂದು ಗಾಡಿ ಬಿಡಿಭಾಗಗಳ ಅಂಗಡಿ ಇತ್ತು. 'ಎಲ್ಲಾ ಗಾಡಿಗಳ ಎಲ್ಲಾ ಸಾಮಾನು ಸಿಗುತ್ತದೆ' ಎಂದು ಬೋರ್ಡು ಬರೆಸಿದ್ದೆ. ಸಿಗುತ್ತಿದ್ದುದು ಟ್ರ್ಯಾಕ್ಟರಿನ ಫಿಲ್ಟರು, ಸ್ಕೂಟರಿನ ಕೇಬಲ್ಲು, ಲಾರಿಯ ಬಲ್ಬು, ಇಷ್ಟೇ. ಪಕ್ಕದ ಗಂಡಸಿ ಊರಿನಿಂದ ಬಂದ ಗಿರಾಕಿ ಏನಾದರೂ ಕೇಳಿ, ಅದು ನನ್ನಲ್ಲಿ ಇಲ್ಲದಿದ್ದರೆ, "ಅದು ಈಗ ಬರೋದೇ ನಿಂತೋಗಿದೆ" ಎನ್ನುತ್ತಿದ್ದೆ. 'ಇಲ್ಲ' ಎನ್ನುವ ಎರಡಕ್ಷರ ನನ್ನ ಬಾಯಿಗೆ ಅಷ್ಟು ಕಷ್ಟ.

ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಸುಮಿತ್ರಾ ಬೇಲೂರಿನಲ್ಲಿ ಮನೆ ಮಾಡಿಕೊಂಡು ಹಳೇಬೀಡಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಮೂರು ವರ್ಷದವಳಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ದಿನಾ ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವಾಗ ಯಾರಾದರೂ ರಟ್ಟೆ ಹಿಡಿದು ಎತ್ತಬೇಕು. "ಬೇಗ ಹತ್ತಮ್ಮಾ" ಎಂದು ಕಂಡಕ್ಟರು ಕೂಗುವುದಕ್ಕಿಂತ, ಬೇಗ ಹತ್ತಿಸಲೆಂದು ಗೊತ್ತಿಲ್ಲದ ಕೈಗಳು ಮೈ ಮುಟ್ಟುವುದು ಅವಳಿಗೆ ಹಿಂಸೆ. ಇದನ್ನು ಒಂದೇ ಒಂದು ಸಲ ಹೇಳಿದ್ದಳು.

ಎರಡು ಸಾವಿರದ ಎರಡೋ ಮೂರೋ ಇರಬೇಕು, ಮೈಸೂರಿನಲ್ಲಿ ಯಾರೋ ಮಾರುತ್ತಿದ್ದ ಪುಟ್ಟ ಆಟೋಮ್ಯಾಟಿಕ್ ಕಾರನ್ನು ಅಕ್ಕ ಕೊಂಡಳು. ಕ್ಲಚ್ ಇಲ್ಲ, ಗೇರ್ ತಾನೇ ಬದಲಾಗುತ್ತದೆ, ಓಡಿಸಲು ಬಲಗಾಲೊಂದೇ ಸಾಕು. ನಮ್ಮ ಕಡೆ ಅಂಥ ಕಾರನ್ನು ಕಂಡವರೇ ಇರಲಿಲ್ಲ. ಲೈಸೆನ್ಸಿಗಾಗಿ ಅವಳು ನಾಲ್ಕು ಸಲ ಹಾಸನಕ್ಕೆ ಅಲೆದಳು. ಮೊದಲ ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೇಬೀಡಿನ ಕೆರೆಯ ಪಕ್ಕದ ರಸ್ತೆಯಲ್ಲಿ ಹೊರಟಾಗ, "ಎಡಗಾಲಿಗೆ ರಜ ಕೊಟ್ಟಿದೀನಿ ಕಣೋ" ಎಂದು ನಕ್ಕಳು. ನಾನು ಸೀಟನ್ನು ಎರಡೂ ಕೈಲಿ ಹಿಡಿದುಕೊಂಡು ಕೂತಿದ್ದೆ. ಆಮೇಲೆ ಅವಳಿಗೆ ನೆಪವೇ ಬೇಡವಾಯಿತು. ಗೆಂಡೆಹಳ್ಳಿಯ ಗೆಳತಿಯ ಮನೆಗೆ ಹೋಗಿ, ಒಳಗೂ ಹೋಗದೆ, ಬಾಗಿಲಲ್ಲೇ ಮಾತಾಡಿ ವಾಪಸು ಬರುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಹೋಗುವುದು, ಅಷ್ಟೇ.

ಆ ವರ್ಷದ ದಸರಾ ರಜಕ್ಕೆ ಜಾವಗಲ್ ದಾರಿಯಾಗಿ ತಾನೊಬ್ಬಳೇ ಓಡಿಸಿಕೊಂಡು ನಮ್ಮ ಮನೆಗೆ ಬಂದಳು. ಗೇರ್‌ಬಾಕ್ಸಿನ ಆಯಿಲ್ ಬದಲಾಯಿಸುವ ಕಾಲ ಬಂದಿತ್ತು. ನನ್ನ ಅಂಗಡಿಯ ಹಿಂದೆಯೇ ಗಫಾರ್ ಸಾಬರ ಗ್ಯಾರೇಜು. ಕಾರಿನ ಜೊತೆ ಬಂದಿದ್ದ ಪುಸ್ತಕವನ್ನು ಅವರು ಕಣ್ಣಿನ ಹತ್ತಿರ ಹಿಡಿದು ನೋಡಿ ಹೇಳಿದರು:

"ಇದ್ಕೆ ಬೇರೆ ನಂಬರ್ ಆಯಿಲ್ ಐತೆ ಕಣ್ರೀ. ಬೆಂಗ್ಳೂರಿಂದ್ಲೇ ಬರ್ಬೇಕು. ಒಂದ್ ವಾರ ಆಯ್ತದೆ."

ಅಕ್ಕ ಕಾರು ಕೊಂಡ ಮೇಲೆ, ಬೇಕಾದೀತೆಂದು ನಾನು ಕೊಂಡಿಟ್ಟಿದ್ದ ಬೇರೆ ಕಂಪನಿಯ ಡಬ್ಬಗಳು ಅಂಗಡಿಯಲ್ಲಿದ್ದವು. 'ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಕಾರಿನ ಕಂಪನಿಯವರೇನು ಎಣ್ಣೆ ತೆಗೀತಾರಾ, ಎಲ್ಲ ಒಂದೇ, ಮೇಲಿನ ಚೀಟಿ ಬೇರೆ ಅಷ್ಟೇ, ಎಂದು ಅದನ್ನು ಮಾರಿಹೋದವನು ಹೇಳಿದ್ದ. ಅದನ್ನೇ ನಾನು ಗಫಾರ್ ಸಾಬರಿಗೆ ಒಪ್ಪಿಸಿದೆ.

"ಎಲ್ಡೂ ಕೆಂಪಗೈತೆ ಅಂತ ಒಂದೇ ಅಂದ್ಕೋಬ್ಯಾಡಿ. ಅವಸರ ಏನೈತೆ? ಹಳೇದ್ರಲ್ಲೇ ಇನ್ನೆಂಟು ದಿನ ಓಡುಸ್ಲಿ, ಏನೂ ಆಗಕಿಲ್ಲ" ಎಂದರು.

ಅವಸರ ಏನೂ ಇರಲಿಲ್ಲ. ಆದರೆ ಬೆಳಿಗ್ಗೆ ಮನೆಯಲ್ಲಿ ಅಕ್ಕ ನನ್ನ ಹೆಂಡತಿಯ ಹತ್ತಿರ, "ನಮ್ಮ ತಮ್ಮನದೇ ಅಂಗಡಿ ಇರುವಾಗ ನನಗೇನು ಚಿಂತೆ" ಎಂದಿದ್ದು ನನ್ನ ಕಿವಿಗೆ ಬಿದ್ದಿತ್ತು. ಆ ಮಾತು ಕೇಳಿದ ಮೇಲೆ, ನಿನ್ನ ಕಾರಿಗೆ ಬೇಕಾದ್ದು ನನ್ನ ಅಂಗಡಿಯಲ್ಲಿಲ್ಲ ಎನ್ನುವುದು ಹೇಗೆ? ನನ್ನ ಡಬ್ಬವನ್ನೇ ಹಾಕಿಸಿದೆ. ಸಂಜೆ ಅಕ್ಕ, "ಪುಸ್ತಕದಲ್ಲಿರೋದೇ ತಾನೇ?" ಎಂದಳು. "ಅದೇ" ಎಂದೆ.

ಹೊರಗಿನ ಆಯಿಲೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಯಾವ ಯಾವ ಗೇರ್‌ಬಾಕ್ಸಿಗೆ ಒಗ್ಗುತ್ತದೆಂದು ಡಬ್ಬದ ಹಿಂದೆ ಸಣ್ಣಕ್ಷರದಲ್ಲಿ ಪಟ್ಟಿಯೇ ಇತ್ತು. ಅಕ್ಕನ ಕಾರಿನ ಗೇರ್‌ಬಾಕ್ಸ್ ಅದರಲ್ಲಿರಲಿಲ್ಲ. ಅದನ್ನು ನಾನು ಓದಿದ್ದು ಆರು ತಿಂಗಳ ಮೇಲೆ.

ಆ ಆರು ತಿಂಗಳಲ್ಲಿ ಕಾರು ಮೊದಲು ಗೇರ್ ಬದಲಾಗುವಾಗ ನಡುಗತೊಡಗಿತು. ಆಮೇಲೆ ಏರಿನಲ್ಲಿ ತಡವರಿಸಿತು. ಒಂದು ದಿನ ಹಳೇಬೀಡಿನಿಂದ ಬೇಲೂರಿಗೆ ಬರುವಾಗ ಎಂಜಿನ್ ಅರಚುತ್ತಿದ್ದರೂ ಗಾಡಿ ಮುಂದೆ ಹೋಗದೆ ನಿಂತಿತು. ಹಿಂದೆ ಬಂದ ಬಸ್ಸಿನಲ್ಲಿ ಅವಳದೇ ಶಾಲೆಯ ಮಕ್ಕಳು. ಮಕ್ಕಳೇ ಇಳಿದು ಕಾರನ್ನು ಪಕ್ಕಕ್ಕೆ ತಳ್ಳಿ, ಅವಳ ರಟ್ಟೆ ಹಿಡಿದು ಬಸ್ಸು ಹತ್ತಿಸಿದರಂತೆ.

ಕಾರನ್ನು ಹಾಸನದ ಒಂದು ವರ್ಕ್‌ಶಾಪಿಗೆ ಎಳೆಸಿದೆವು. ಅಲ್ಲಿಯವರು ಗೇರ್‌ಬಾಕ್ಸ್ ಬಿಚ್ಚಿ, ಕರಿ ಕಷಾಯದಂತಾಗಿದ್ದ ಎಣ್ಣೆಯನ್ನು ಮೂಸಿ ನೋಡಿ ಕೇಳಿದರು: "ಯಾವ ಆಯಿಲ್ ಮೇಡಂ ಹಾಕ್ಸಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ, "ಕಂಪನಿದೇ. ನಮ್ಮ ತಮ್ಮ ನಿಂತು ಹಾಕಿಸಿದ್ದು" ಎಂದಳು.

"ಹಾಗಿದ್ರೆ ಓಡಿಸೋದ್ರಲ್ಲೇ ಏನೋ ತಪ್ಪಾಗಿದೆ. ಆಕ್ಸಿಲರೇಟರ್ ಜಾಸ್ತಿ ತುಳೀತಿದ್ರಾ?"

ಅಕ್ಕ ತನ್ನ ಬಲಗಾಲನ್ನು ನೋಡಿಕೊಂಡಳು. "ಇರಬಹುದು. ದೇಹದ ಭಾರವೆಲ್ಲ ಹೊತ್ತು ಅಭ್ಯಾಸವಾದ ಕಾಲು. ಎಷ್ಟು ತುಳೀತೀನೋ ನನಗೇ ಗೊತ್ತಾಗಲ್ಲವೇನೋ" ಎಂದಳು.

ನಾನು ಅಲ್ಲೇ ಇದ್ದೆ. ಅವಳಿಂದ ಒಂದು ಮಾರು ದೂರದಲ್ಲಿ ನಿಂತಿದ್ದೆ. ಗೋಡೆಗೆ ತೂಗುಹಾಕಿದ್ದ ಟೈರುಗಳನ್ನು ನೋಡುತ್ತಾ ನಿಂತೆ.

ಆ ಗೇರ್‌ಬಾಕ್ಸ್ ರಿಪೇರಿಯಾಗುವಂತಿರಲಿಲ್ಲ, ಬೇರೆಯದು ಎಲ್ಲೂ ಸಿಗಲಿಲ್ಲ, ಕಾರು ಗುಜರಿಗೆ ಹೋಯಿತು. ರಿಟೈರಾಗುವವರೆಗೂ ಅಕ್ಕ ಬಸ್ಸಿನಲ್ಲೇ ಓಡಾಡಿದಳು. ಆಮೇಲೆ ಬೀದಿಗೊಂದು ಆಟೋಮ್ಯಾಟಿಕ್ ಕಾರು ಬಂತು. "ಒಂದು ತಗೋ ಅಕ್ಕ" ಎಂದರೆ, "ಬೇಡ ಕಣೋ, ಒಂದನ್ನ ಹಾಳು ಮಾಡಿದ್ದು ಸಾಕು" ಎನ್ನುತ್ತಿದ್ದಳು. ಪ್ರತಿ ಸಲವೂ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಮೊನ್ನೆ ಮೆಕ್ಯಾನಿಕ್ಕಿಗೆ ಏನೋ ಒಂದು ಉತ್ತರ ಕೊಟ್ಟು, ಕಾರು ಸಿಕ್ಕಿದ ಕೂಡಲೇ ಮನೆಗೆ ಹೋಗದೆ ಬೇಲೂರಿಗೆ ಹೋದೆ. ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಇಪ್ಪತ್ತು ವರ್ಷ ಹೊತ್ತ ಮಾತು ಎರಡು ನಿಮಿಷದಲ್ಲಿ ಮುಗಿದುಹೋಯಿತು.

ಅವಳು ಕೈಯಲ್ಲಿದ್ದ ಕಾಯಿಯನ್ನು ಸುಲಿದು, ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ನಾನು ಸರಿಯಾಗೇ ಓಡಿಸ್ತಿದ್ದೆ ಅನ್ನು" ಎಂದಳು.

"ತುಂಬಾ ಚೆನ್ನಾಗಿ ಓಡಿಸ್ತಿದ್ದೆ ಅಕ್ಕ. ಕಾರು ಹೊರಗೇ ಇದೆ, ಆಟೋಮ್ಯಾಟಿಕ್ಕೇ. ಬಾ, ನೀನೇ..."

"ಈಗ ಬಲಗಾಲೂ ಮಾತು ಕೇಳಲ್ಲ ಕಣೋ" ಎಂದು ತಡೆದಳು. ಆಮೇಲೆ ಮುಖ ಎತ್ತದೆ, "ಆಗಲೇ ಹೇಳೋದಲ್ವೇನೋ" ಎಂದಳು.

ನಾನು ಕೆಳಗೆ ಕೂತು, ಅವಳ ಮುಂದಿದ್ದ ರಾಶಿಯಿಂದ ಒಂದು ಹಿಡಿ ಕಾಯಿ ನನ್ನ ಕಡೆ ಎಳೆದುಕೊಂಡೆ.